ರೆಡಿ-ಟು-ಈಟ್ ಚಿಕನ್ ಮೇಲೆ ಫೇಜ್ ಸ್ಪ್ರೇ: ಯಾರಾದರೂ ಬಳಸಿದ್ದೀರಾ?

ಕೋಲ್ಡ್‌ರೂಂ_ಕುಮಾರ
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಹೊರಗಿರುವ ಒಂದು ಮಾಂಸದ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಹೆಸರು ಬೇಡ. ಚಿಕನ್ ಸಲಾಮಿ, ಸಾಸೇಜ್ ಬೇಯಿಸಿ, ತಣ್ಣಗೆ ಮಾಡಿ, ಸ್ಲೈಸ್ ಮಾಡಿ, ವ್ಯಾಕ್ಯೂಮ್ ಪ್ಯಾಕ್ ಮಾಡಿ ಕಳಿಸುವುದು ನಮ್ಮ ಕೆಲಸ. ಗಿರಾಕಿಗಳು ಹೋಟೆಲ್ಲುಗಳು, ಪಿಜ್ಜಾ ಅಂಗಡಿಗಳು. ಹೋದ ತಿಂಗಳು ಸ್ಲೈಸರ್ ಹತ್ತಿರದ ಡ್ರೈನ್‌ನಿಂದ ತೆಗೆದ ಸ್ವಾಬ್‌ನಲ್ಲಿ (ಹತ್ತಿಯಿಂದ ಒರೆಸಿ ತೆಗೆಯುವ ಸ್ಯಾಂಪಲ್) ಲಿಸ್ಟೀರಿಯಾ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಬಂತು. ಪ್ರಾಡಕ್ಟ್‌ನಲ್ಲಿ ಸಿಕ್ಕಿಲ್ಲ. ಡ್ರೈನ್ ತೊಳೆದೆವು, ನೆಗೆಟಿವ್ ಬಂತು, ಮತ್ತೆ ಪಾಸಿಟಿವ್ ಬಂತು.

ಇದರ ಮಧ್ಯೆ ಒಬ್ಬ ಸೇಲ್ಸ್‌ನವರು ಬಂದು ಬ್ಯಾಕ್ಟೀರಿಯೊಫೇಜ್ ಸ್ಪ್ರೇ ಬಗ್ಗೆ ಹೇಳಿ ಹೋದರು. ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವ ವೈರಸ್ ಅಂತೆ, ಮನುಷ್ಯರಿಗೆ ಏನೂ ಆಗುವುದಿಲ್ಲವಂತೆ, ರುಚಿ ಬಣ್ಣ ಬದಲಾಗುವುದಿಲ್ಲವಂತೆ, ಅಮೆರಿಕದಲ್ಲಿ ಅನುಮತಿ ಇದೆಯಂತೆ. ನಮ್ಮ ಮ್ಯಾನೇಜರ್‌ಗೆ ಭಾರೀ ಖುಷಿ. "ಇದನ್ನು ಹೊಡೆದರೆ ಆಯ್ತಲ್ಲ, ಡ್ರೈನ್ ತಲೆನೋವು ಯಾಕೆ" ಅಂತಾರೆ. ನನಗೆ ಸಮಾಧಾನ ಇಲ್ಲ. ಕಾಲೇಜಿನಲ್ಲಿ ಫೇಜ್ ಬಗ್ಗೆ ಓದಿದ್ದೆ, ಆದರೆ ತಿನ್ನುವ ಪದಾರ್ಥದ ಮೇಲೆ ಹೊಡೆಯುವುದನ್ನು ನೋಡಿಲ್ಲ. ನಿಜವಾಗಿ ಬಳಸಿದವರು ಇದ್ದರೆ ಹೇಳಿ. ಬ್ರೋಷರ್ ಓದಿ ಹೇಳುವವರು ಬೇಡ, ನನ್ನ ಹತ್ತಿರ ಬ್ರೋಷರ್ ಇದೆ 🙂

ಸಂಶಯ_ಪಿಶಾಚಿ
ವೈರಸ್ ಸ್ಪ್ರೇ ಮಾಡಿದ ಚಿಕನ್. ಪ್ಯಾಕೆಟ್ ಮೇಲೆ ಹಾಗೇ ಬರೆಯಿರಿ, ಯಾರು ಕೊಳ್ಳುತ್ತಾರೆ ನೋಡೋಣ.

ಲ್ಯಾಬ್_ಲಲಿತೆ
@ಸಂಶಯ_ಪಿಶಾಚಿ, ನೀವು ಬೆಳಿಗ್ಗೆ ತಿಂದ ಮೊಸರಿನಲ್ಲೂ ಫೇಜ್ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಮಣ್ಣು, ಕೆರೆ ನೀರು, ಸೊಪ್ಪು, ನಮ್ಮ ಕರುಳು, ಬ್ಯಾಕ್ಟೀರಿಯಾ ಇರುವ ಕಡೆಯೆಲ್ಲ ಅವೂ ಇರುತ್ತವೆ. ಅವು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವುದೇ ಇಲ್ಲ. ಒಂದು ಫೇಜ್ ಸಾಮಾನ್ಯವಾಗಿ ಒಂದು ಜಾತಿಯ ಬ್ಯಾಕ್ಟೀರಿಯಾಕ್ಕೆ, ಕೆಲವು ಸಲ ಆ ಜಾತಿಯ ಕೆಲವೇ ಸ್ಟ್ರೇನ್‌ಗಳಿಗೆ (ಒಳಬಗೆಗಳಿಗೆ) ಮಾತ್ರ ಅಂಟುತ್ತದೆ.

ಕುಮಾರ್ ಸರ್, ನಿಮ್ಮ ಸೇಲ್ಸ್‌ನವರು ಹೇಳಿದ್ದು ಸುಳ್ಳಲ್ಲ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ 2006ರ ಆಗಸ್ಟ್‌ನಲ್ಲಿ ಲಿಸ್ಟ್‌ಶೀಲ್ಡ್ ಅನ್ನುವ ಮಿಶ್ರಣಕ್ಕೆ ಆಹಾರ ಸೇರ್ಪಡೆ ಅಂತ ಒಪ್ಪಿಗೆ ಕೊಟ್ಟಿತು. ಬಾಲ್ಟಿಮೋರ್‌ನ ಇಂಟ್ರಾಲಿಟಿಕ್ಸ್ ಕಂಪನಿಯದ್ದು. ಅದರಲ್ಲಿ ಲಿಸ್ಟೀರಿಯಾ ಮಾನೊಸೈಟೊಜೀನ್ಸ್ ಕೊಲ್ಲುವ 6 ಫೇಜ್‌ಗಳಿವೆ. ನಿಮ್ಮಂಥ ರೆಡಿ-ಟು-ಈಟ್ ಮಾಂಸ ಮತ್ತು ಕೋಳಿಗೇ ಆ ಒಪ್ಪಿಗೆ. 500 ಚದರ ಸೆಂಟಿಮೀಟರ್ ಮೇಲ್ಮೈಗೆ ಸುಮಾರು 1 ಮಿಲಿ ಸ್ಪ್ರೇ. ಅದೇ ವರ್ಷ ನೆದರ್ಲೆಂಡ್ಸ್‌ನವರ ಲಿಸ್ಟೆಕ್ಸ್ ಪಿ100 ಅನ್ನುವ ಲಿಸ್ಟೀರಿಯಾ ಫೇಜ್ ಚೀಸ್‌ಗೆ ಅಮೆರಿಕದ ಗ್ರಾಸ್ (ಸಾಮಾನ್ಯವಾಗಿ ಸುರಕ್ಷಿತ ಅಂತ ಒಪ್ಪಿದ) ಪಟ್ಟಿ ಸೇರಿತು, ಮುಂದಿನ ವರ್ಷ ಬೇರೆ ಆಹಾರಗಳಿಗೂ ವಿಸ್ತರಿಸಿದರು. ಆಮೇಲೆ ಸಾಲ್ಮೊನೆಲ್ಲಾಗೆ, ಇ.ಕೋಲಿ ಒ157ಗೆ, ಶಿಗೆಲ್ಲಾಗೆ ಬೇರೆ ಬೇರೆ ಮಿಶ್ರಣಗಳು ಬಂದವು. ಅಂದರೆ ಹದಿನೈದಿಪ್ಪತ್ತು ವರ್ಷದಿಂದ ಜನ ಇದನ್ನು ತಿನ್ನುತ್ತಿದ್ದಾರೆ.

ರಾಟರ್‌ಡ್ಯಾಮ್_ರಾಯರು
ನಾನು ಬಳಸಿದ್ದೇನೆ. ಮೊದಲು ಅಮೆರಿಕದ ಒಂದು ಡೆಲಿ ಮೀಟ್ ಪ್ಲಾಂಟ್‌ನಲ್ಲಿದ್ದೆ, ಈಗ ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ಬೇರೆ ಕೆಲಸ. ಮಂಡ್ಯ ಕಡೆಯವನು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ನಿಮ್ಮ ಮ್ಯಾನೇಜರ್ ಮಾತಿಗೆ ಬರೋಣ. ಡ್ರೈನ್ ಬಿಟ್ಟು ಪ್ರಾಡಕ್ಟ್ ಮೇಲೆ ಫೇಜ್ ಹೊಡೆಯುವುದು, ಸೋರುವ ಗೋಡೆಗೆ ಸುಣ್ಣ ಬಳಿದ ಹಾಗೆ. ನಮ್ಮ ಪ್ಲಾಂಟ್‌ನಲ್ಲಿ ಸಪ್ಲೈಯರ್ ಕಡೆಯ ತಾಂತ್ರಿಕ ಮನುಷ್ಯನೇ ಮೊದಲ ದಿನ ಹೇಳಿದ್ದು ಇದನ್ನು: "ನಿಮ್ಮ ಸ್ವಾಬ್ ರಿಪೋರ್ಟ್ ಚೆನ್ನಾಗಿದ್ದರೆ ಮಾತ್ರ ನಮ್ಮದು ಕೆಲಸ ಮಾಡುತ್ತದೆ." ಒಳ್ಳೆ ಸಪ್ಲೈಯರ್ ಹೀಗೆ ಹೇಳುತ್ತಾರೆ. ನಿಮ್ಮಲ್ಲಿ ಬಂದವರು ಹೇಳಿದ್ದಾರಾ?

ಕಾರಣ ಹೇಳುತ್ತೇನೆ. ಬೇಯಿಸುವಾಗ ಲಿಸ್ಟೀರಿಯಾ ಸಾಯುತ್ತದೆ, ಅದು ನಿಮಗೂ ಗೊತ್ತು. ಬೆಂದ ಮೇಲೆ, ಸ್ಲೈಸ್ ಮಾಡುವಾಗ, ಪ್ಯಾಕ್ ಮಾಡುವಾಗ ಅಂಟಿಕೊಳ್ಳುವುದೇ ಸಮಸ್ಯೆ. ಅಂಟುವುದು ಕೆಲವೇ ಕೆಲವು ಜೀವಿಗಳು. ಆದರೆ ಈ ಬ್ಯಾಕ್ಟೀರಿಯಾ 4 ಡಿಗ್ರಿಯಲ್ಲೂ ಬೆಳೆಯುತ್ತದೆ, ಆಮ್ಲಜನಕ ಇಲ್ಲದಿದ್ದರೂ ಬೆಳೆಯುತ್ತದೆ. ನಿಮ್ಮ ಫ್ರಿಜ್, ನಿಮ್ಮ ವ್ಯಾಕ್ಯೂಮ್ ಪ್ಯಾಕ್ ಎರಡೂ ಬೇರೆ ಬ್ಯಾಕ್ಟೀರಿಯಾವನ್ನು ತಡೆದು ಇದಕ್ಕೇ ಜಾಗ ಮಾಡಿಕೊಡುತ್ತವೆ. ಪ್ಯಾಕ್ ಮಾಡಿದ ದಿನ ಟೆಸ್ಟ್‌ಗೆ ಸಿಗದಷ್ಟು ಕಡಿಮೆ ಇದ್ದದ್ದು, ಶೆಲ್ಫ್ ಲೈಫ್ ಮುಗಿಯುವ ಹೊತ್ತಿಗೆ ಅಪಾಯದ ಮಟ್ಟಕ್ಕೆ ಹೋಗುತ್ತದೆ. ಫೇಜ್ ಇರುವುದು ಈ ಕೊನೆ ಗಳಿಗೆಯ ಕೆಲವು ಜೀವಿಗಳಿಗೆ. ಸ್ಲೈಸರ್‌ನಿಂದ ಪ್ರತಿ ಬ್ಯಾಚ್‌ಗೂ ಸಾವಿರಗಟ್ಟಲೆ ಬೀಳುತ್ತಿದ್ದರೆ ಅದರ ಕೈಲಿ ಆಗುವುದಿಲ್ಲ.

ಸಂಖ್ಯೆ ಬೇಕಾ? ಪ್ರಯೋಗಗಳಲ್ಲಿ ಸಾಮಾನ್ಯವಾಗಿ 1ರಿಂದ 3 ಲಾಗ್ ಇಳಿಕೆ ಕಾಣುತ್ತದೆ. 1 ಲಾಗ್ ಅಂದರೆ ನೂರರಲ್ಲಿ ತೊಂಬತ್ತು ಸತ್ತವು, 3 ಲಾಗ್ ಅಂದರೆ ಸಾವಿರಕ್ಕೆ ಒಂದು ಉಳಿಯಿತು. ಕೇಳಲು ಚೆನ್ನಾಗಿದೆ. ಆದರೆ ಉಳಿದ ಒಂದು ಮತ್ತೆ ಬೆಳೆಯುತ್ತದೆ, ಅಲ್ವಾ? ಹಾಗಾಗಿ ಕೋಲ್ಡ್ ಚೈನ್, ಲ್ಯಾಕ್ಟೇಟ್ ಥರದ ಬೆಳವಣಿಗೆ ತಡೆಯುವ ಪದಾರ್ಥ, ಶೆಲ್ಫ್ ಲೈಫ್ ಲೆಕ್ಕ, ಇದ್ಯಾವುದನ್ನೂ ಬಿಡುವ ಹಾಗಿಲ್ಲ.

ಇನ್ನೊಂದು. ಪ್ಲಾಂಟ್‌ನಲ್ಲಿ ಕ್ಲೋರಿನ್ ಅಥವಾ ಪೆರಾಸಿಟಿಕ್ ಆ್ಯಸಿಡ್ ಬಳಸುತ್ತೀರಿ ತಾನೇ? ಅವು ಫೇಜ್‌ಗಳನ್ನೂ ಕೊಲ್ಲುತ್ತವೆ. ಒಮ್ಮೆ ನಮ್ಮಲ್ಲಿ ರಾತ್ರಿ ಪಾಳಿಯವರು ಫೇಜ್ ಕಾನ್ಸಂಟ್ರೇಟ್ ಅನ್ನು ನೇರ ನಲ್ಲಿ ನೀರಿಗೆ ಬೆರೆಸಿಬಿಟ್ಟಿದ್ದರು, ಆ ನೀರಲ್ಲಿ ಕ್ಲೋರಿನ್ ಇತ್ತು. ಸ್ಪ್ರೇ ಆದದ್ದು ಸತ್ತ ಫೇಜ್. ನೋಡಲು ನೀರಿನ ಹಾಗೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಟ್ಯಾಂಕ್‌ನಿಂದ ಸ್ಯಾಂಪಲ್ ತೆಗೆದು ಪ್ಲಾಕ್ (ಜೀವಂತ ಫೇಜ್ ಬ್ಯಾಕ್ಟೀರಿಯಾ ಕೊಂದ ಜಾಗದಲ್ಲಿ ಪ್ಲೇಟ್ ಮೇಲೆ ಕಾಣುವ ಖಾಲಿ ಚುಕ್ಕೆ) ಎಣಿಸುವುದು ಕಡ್ಡಾಯ ಮಾಡಿದರು.

ಡೈರಿ_ಭಟ್ರು
ನಾನು ಈ ಚರ್ಚೆಗೆ ಎದುರು ಬಾಗಿಲಿನಿಂದ ಬರುತ್ತಿದ್ದೇನೆ. ಡೈರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವನು. ನಮಗೆ ಫೇಜ್ ಅಂದರೆ ಶತ್ರು ಮಾರಾಯ್ರೇ. ನೀವು ದುಡ್ಡು ಕೊಟ್ಟು ತರುತ್ತಿದ್ದೀರಿ, ನಾವು ದುಡ್ಡು ಕೊಟ್ಟು ಓಡಿಸುತ್ತಿದ್ದೆವು.

ಚೀಸ್‌ಗೆ ಹೆಪ್ಪು ಹಾಕುವ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾಕ್ಕೆ ಫೇಜ್ ತಗುಲಿದರೆ ಹುಳಿ ಬರುವುದೇ ನಿಂತುಹೋಗುತ್ತದೆ. ಸಾವಿರಾರು ಲೀಟರ್ ಹಾಲು ಹಾಗೇ ಕೂತಿರುತ್ತದೆ. ಇದನ್ನು ಮೊದಲು ಪತ್ತೆ ಹಚ್ಚಿದ್ದು ನ್ಯೂಜಿಲೆಂಡ್‌ನಲ್ಲಿ, 1935ರಲ್ಲಿ, ವೈಟ್‌ಹೆಡ್ ಮತ್ತು ಕಾಕ್ಸ್. ಅಲ್ಲಿಂದ ಇಲ್ಲಿಯವರೆಗೆ ಡೈರಿಗಳು ಇದರ ಜೊತೆ ಗುದ್ದಾಡುತ್ತಲೇ ಇವೆ. ಕಲ್ಚರ್ (ಹೆಪ್ಪಿನ ಬ್ಯಾಕ್ಟೀರಿಯಾ) ಬದಲಾಯಿಸುತ್ತಾ ಇರಬೇಕು, ಚೀಸ್ ಮಾಡುವಾಗ ಬಿಡುವ ವೇ ನೀರಿನ ಹನಿ ಗಾಳಿಯಲ್ಲಿ ಹಾರದಂತೆ ನೋಡಬೇಕು, ಮದರ್ ಕಲ್ಚರ್ ರೂಮಿಗೆ ಯಾರನ್ನೂ ಬಿಡಬಾರದು. ಫೇಜ್ ಅಂಟಿಕೊಳ್ಳಲು ಕ್ಯಾಲ್ಸಿಯಂ ಬೇಕು ಅಂತ, ಕಲ್ಚರ್ ಬೆಳೆಸುವ ಮಾಧ್ಯಮದಲ್ಲಿ ಫಾಸ್ಫೇಟ್ ಹಾಕಿ ಕ್ಯಾಲ್ಸಿಯಂ ಕಟ್ಟಿಹಾಕುವ ಉಪಾಯವೂ ಇದೆ.

ನಾನು ಹೇಳಲು ಹೊರಟಿದ್ದು ಇದು: ಬ್ಯಾಕ್ಟೀರಿಯಾ ಸುಮ್ಮನೆ ಕೂರುವುದಿಲ್ಲ. ಮೊಸರಿನ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ತನ್ನ ಮೇಲೆ ದಾಳಿ ಮಾಡಿದ ಫೇಜ್‌ನ ಒಂದು ತುಂಡು ಡಿಎನ್‌ಎ ತನ್ನೊಳಗೆ ಇಟ್ಟುಕೊಂಡು, ಮುಂದಿನ ಸಲ ಅದೇ ಫೇಜ್ ಬಂದಾಗ ಕತ್ತರಿಸಿ ಹಾಕುತ್ತದೆ. 2007ರಲ್ಲಿ ಡ್ಯಾನಿಸ್ಕೊ ಕಂಪನಿಯವರು ತೋರಿಸಿಕೊಟ್ಟರು. ಈಗ ಜೀನ್ ಎಡಿಟಿಂಗ್ ಅಂತ ಎಲ್ಲರೂ ಹೇಳುವ ಕ್ರಿಸ್ಪರ್ ಇದೇ. ಹಾಗಿರುವಾಗ ನಿಮ್ಮ ಲಿಸ್ಟೀರಿಯಾ ಮಾತ್ರ ಫೇಜ್‌ಗೆ ತಲೆಬಾಗಿ ನಿಲ್ಲುತ್ತದೆಯೇ? ಕೆಲವು ತಿಂಗಳಲ್ಲಿ ಬಗ್ಗದ ಸ್ಟ್ರೇನ್ ಬರುತ್ತದೆ ನೋಡಿ.

ಉಪ್ಪಿನಕಾಯಿ_ಪ್ರಿಯೆ
ಭಟ್ರೇ, ಹಾಗಾದ್ರೆ ಮನೆಯಲ್ಲಿ ಮೊಸರು ಒಂದೊಂದು ಸಲ ಹೆಪ್ಪಾಗದೇ ಇರುವುದಕ್ಕೂ ಫೇಜ್ ಕಾರಣವಾ?

ಡೈರಿ_ಭಟ್ರು
ಅಪರೂಪ ತಂಗಿ. ಮನೆಯ ಹೆಪ್ಪಿನಲ್ಲಿ ಎಷ್ಟೋ ಬಗೆಯ ಸ್ಟ್ರೇನ್ ಬೆರೆತಿರುತ್ತವೆ. ಒಂದು ಬಿದ್ದರೆ ಇನ್ನೊಂದು ಕೆಲಸ ಮಾಡುತ್ತದೆ. ಫ್ಯಾಕ್ಟರಿಯವರದ್ದು ಒಂದೋ ಎರಡೋ ಆಯ್ದ ಸ್ಟ್ರೇನ್, ಅದಕ್ಕೇ ಅವರಿಗೆ ಹೊಡೆತ ಜಾಸ್ತಿ. ನಿಮ್ಮ ಮನೆಯಲ್ಲಿ ಹಾಲು ತಣ್ಣಗಿತ್ತು ಅಥವಾ ಹೆಪ್ಪು ಹಳೆಯದು, ಅಷ್ಟೇ.

ಲ್ಯಾಬ್_ಲಲಿತೆ
ಭಟ್ರು ಹೇಳಿದ ಪ್ರತಿರೋಧದ ಮಾತು ಸರಿ, ಆದರೆ ಡೈರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ ಸರ್. ಡೈರಿಯಲ್ಲಿ ಅದೇ ಬ್ಯಾಕ್ಟೀರಿಯಾ, ಅದೇ ಕೋಣೆ, ಅದೇ ಫೇಜ್ ದಿನಾ ಎದುರಾಗುತ್ತವೆ. ಇಲ್ಲಿ ಫೇಜ್ ಬೀಳುವುದು ಪ್ಯಾಕ್ ಆಗಿ ಹೊರಗೆ ಹೋಗುವ ಪದಾರ್ಥದ ಮೇಲೆ. ಅಲ್ಲಿ ಯಾವುದಾದರೂ ಲಿಸ್ಟೀರಿಯಾ ತಪ್ಪಿಸಿಕೊಂಡರೂ ಅದು ವಾಪಸ್ ಫ್ಯಾಕ್ಟರಿಗೆ ಬರುವುದಿಲ್ಲ. ಹೊಟ್ಟೆಗೋ ಕಸಕ್ಕೋ ಹೋಗುತ್ತದೆ. ಆದ್ದರಿಂದಲೇ ಕೊನೆ ಹಂತದಲ್ಲಿ ಮಾತ್ರ ಹೊಡೆಯಿರಿ ಅಂತ ಹೇಳುವುದು.

ಆದರೆ ಕುಮಾರ್ ಸರ್, ಅದನ್ನೇ ಡ್ರೈನ್‌ಗೆ ದಿನಾ ಸುರಿದರೆ ಭಟ್ರು ಹೇಳಿದ್ದೇ ಆಗುತ್ತದೆ. ಡ್ರೈನ್‌ನಲ್ಲಿ ಬಯೋಫಿಲ್ಮ್ ಇರುತ್ತದೆ, ಲೋಳೆ ಪದರದ ಕೆಳಗಿನವು ಉಳಿದುಕೊಳ್ಳುತ್ತವೆ, ಉಳಿದವುಗಳಲ್ಲಿ ಫೇಜ್ ಅಂಟದವು ಮೇಲೆ ಬರುತ್ತವೆ. ಆಮೇಲೆ ಪ್ರಾಡಕ್ಟ್ ಮೇಲೆ ಹೊಡೆದ ಫೇಜೂ ವ್ಯರ್ಥ.

ಸಂಶಯ_ಪಿಶಾಚಿ
ಸರಿ, ಈಗ ನಾನು ಗಂಭೀರವಾಗಿ ಕೇಳುತ್ತೇನೆ. 2011ರಲ್ಲಿ ಜರ್ಮನಿಯಲ್ಲಿ ಇ.ಕೋಲಿ ಒ104:ಎಚ್4 ಬಂತಲ್ಲ, ಸುಮಾರು ನಾಲ್ಕು ಸಾವಿರ ಜನರಿಗೆ ಕಾಯಿಲೆ, 50ಕ್ಕಿಂತ ಹೆಚ್ಚು ಸಾವು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಗೂಬೆ ಕೂರಿಸಿದರು, ಪಾಪ ಅಲ್ಲಿನ ರೈತರು ಮುಳುಗಿಹೋದರು. ಕೊನೆಗೆ ಸಿಕ್ಕಿದ್ದು ಮೊಳಕೆ ಬರಿಸಿದ ಮೆಂತ್ಯ, ಈಜಿಪ್ಟಿನಿಂದ ಬಂದ ಕಾಳು. ಆ ಬ್ಯಾಕ್ಟೀರಿಯಾಕ್ಕೆ ಶಿಗಾ ವಿಷ ಎಲ್ಲಿಂದ ಬಂತು? ಫೇಜ್‌ನಿಂದ! ವಿಷದ ಜೀನ್ ಹೊತ್ತು ತಂದದ್ದೇ ಫೇಜ್. ಕಾಲರಾ ವಿಷದ ಜೀನ್ ಕೂಡ ಫೇಜ್‌ನದ್ದೇ ಅಂತ 1996ರಲ್ಲಿ ಗೊತ್ತಾಯಿತು. ನೀವೆಲ್ಲ ಇದನ್ನು ಹೇಳುವುದೇ ಇಲ್ಲ.

ಲ್ಯಾಬ್_ಲಲಿತೆ
ಇದು ಒಳ್ಳೆಯ ಪ್ರಶ್ನೆ, ನಿಮ್ಮ ಮೊದಲ ಕಾಮೆಂಟ್‌ಗಿಂತ ಎಷ್ಟೋ ವಾಸಿ 🙂

ಫೇಜ್‌ಗಳಲ್ಲಿ ಎರಡು ಸ್ವಭಾವ. ಒಂದು ಬಗೆಯದು ಒಳಗೆ ನುಗ್ಗಿ, ತನ್ನ ಮರಿಗಳನ್ನು ಮಾಡಿ, ಕೋಶ ಒಡೆದು ಹೊರಗೆ ಬರುತ್ತದೆ. ಲ್ಯಾಬ್‌ನಲ್ಲಿ ಎಲ್ಲರೂ ನೋಡುವ ಟಿ4 ಫೇಜ್ 37 ಡಿಗ್ರಿಯಲ್ಲಿ ಅರ್ಧ ಗಂಟೆಯೊಳಗೆ ಇ.ಕೋಲಿಯನ್ನು ಒಡೆದು ನೂರಕ್ಕೂ ಹೆಚ್ಚು ಹೊಸ ಫೇಜ್ ಬಿಡುತ್ತದೆ. ಇನ್ನೊಂದು ಬಗೆಯದು ಕೊಲ್ಲದೆ ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೆ ಸೇರಿಕೊಂಡು ಕೂರುತ್ತದೆ, ಅದರ ಜೊತೆ ತಾನೂ ಹರಡುತ್ತದೆ. ಶಿಗಾ ವಿಷ, ಕಾಲರಾ ವಿಷ ತಂದವು ಈ ಎರಡನೇ ಬಗೆಯವು. ಶಿಗಾ ವಿಷದ ಸೋಂಕಿಗೆ ಡಾಕ್ಟರು ಆ್ಯಂಟಿಬಯಾಟಿಕ್ ಕೊಡಲು ಹಿಂಜರಿಯುವುದೂ ಇದೇ ಕಾರಣಕ್ಕೆ. ಕೆಲವು ಔಷಧ ಕೊಟ್ಟಾಗ ಒಳಗೆ ಮಲಗಿದ್ದ ಫೇಜ್ ಎದ್ದು ವಿಷ ಇನ್ನೂ ಹೆಚ್ಚಾಗುತ್ತದೆ.

ಆಹಾರಕ್ಕೆ ಬಳಸುವುದು ಮೊದಲ ಬಗೆಯವು ಮಾತ್ರ. ಅದರ ಪೂರ್ತಿ ಜೀನೋಮ್ (ಎಲ್ಲ ಜೀನ್‌ಗಳು ಸೇರಿದ ಡಿಎನ್‌ಎ) ಓದಿರಬೇಕು, ವಿಷದ ಜೀನ್ ಇರಬಾರದು, ಆ್ಯಂಟಿಬಯಾಟಿಕ್ ಪ್ರತಿರೋಧದ ಜೀನ್ ಇರಬಾರದು, ಡಿಎನ್‌ಎ ಒಳಗೆ ಸೇರಿಕೊಳ್ಳುವ ಜೀನ್ ಇರಬಾರದು, ಒಂದು ಬ್ಯಾಕ್ಟೀರಿಯಾದ ಜೀನನ್ನು ಇನ್ನೊಂದಕ್ಕೆ ಸಾಗಿಸುವ ಚಾಳಿ ಇರಬಾರದು. ಪಿ100ಗೆ ಇದೆಲ್ಲ ಮಾಡಿದ ಪ್ರಬಂಧ 2005ರಲ್ಲೇ ಬಂದಿದೆ, ಇಲಿಗಳಿಗೆ ತಿನ್ನಿಸಿಯೂ ನೋಡಿದ್ದಾರೆ, ಏನೂ ಆಗಲಿಲ್ಲ. ಚೀಸ್ ಮೇಲೆ ಹಾಕಿದಾಗ ಡೋಸ್ ಸಾಕಷ್ಟಿದ್ದರೆ ಲಿಸ್ಟೀರಿಯಾ ಪೂರ್ತಿ ಮಾಯವಾದದ್ದೂ ಅದರಲ್ಲೇ ಇದೆ.

ಹಾಗಾಗಿ ಸೇಲ್ಸ್‌ನವರು "ಫೇಜ್" ಅಂದರೆ ಸಾಲದು. ಯಾವ ಫೇಜ್, ಅದರ ಜೀನೋಮ್ ಎಲ್ಲಿದೆ ಅಂತ ಕೇಳಬೇಕು.

ಗಂಗಾಧರ_ಗದಗ
ಗಂಗಾ ನೀರು ಕೆಡುವುದಿಲ್ಲ ಅನ್ನುವುದು ಇದೇ ಅಲ್ವಾ? ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು.

ಸಂಶಯ_ಪಿಶಾಚಿ
ಬಂತು ನೋಡಿ 😀

ಲ್ಯಾಬ್_ಲಲಿತೆ
ನಗಬೇಡಿ, ಅದರ ಹಿಂದೆ ಒಂದು ನಿಜವಾದ ಪ್ರಬಂಧ ಇದೆ. 1896ರಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಅನ್ನುವ ಬ್ರಿಟಿಷ್ ವಿಜ್ಞಾನಿ, ಆಗ್ರಾದಲ್ಲಿದ್ದವರು, ಗಂಗಾ ಯಮುನಾ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುತ್ತದೆ, ಅದೇ ನೀರು ಕುದಿಸಿದರೆ ಆ ಗುಣ ಹೋಗುತ್ತದೆ ಅಂತ ಬರೆದರು. ಅದು ಫೇಜ್ ಇರಬಹುದು ಅನ್ನುವುದು ಆಮೇಲಿನವರ ಊಹೆ. ಹ್ಯಾಂಕಿನ್ ಕಾಲದಲ್ಲಿ ಫೇಜ್ ಯಾರಿಗೂ ಗೊತ್ತಿರಲಿಲ್ಲ. 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡಿ'ಹೆರೆಲ್ ಕಂಡುಹಿಡಿದರು. ಡಿ'ಹೆರೆಲ್ 1927ರಲ್ಲಿ ಭಾರತಕ್ಕೂ ಬಂದು ಪಂಜಾಬ್ ಕಡೆ ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದರು.

ಮತ್ತೆ ಒಂದು ಮಾತು: ಫೇಜ್ ಜಾಸ್ತಿ ಇರುವ ನೀರು ಅಂದರೆ ಅದಕ್ಕೆ ಆಹಾರವಾಗುವ ಬ್ಯಾಕ್ಟೀರಿಯಾವೂ ಜಾಸ್ತಿ ಇರುವ ನೀರು. ಹೊಸ ಫೇಜ್ ಹುಡುಕಲು ನಾವು ಹೋಗುವುದೇ ಚರಂಡಿಗೆ. ಕುಡಿಯುವ ನೀರು ಕುದಿಸಿಯೇ ಕುಡಿಯಿರಿ.

ಬಂದರು_ಬಳಿಯವಳು
ಮಂಗಳೂರಿನಿಂದ. ನಮ್ಮ ಊರಿನ ಕೆಲಸ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಸಿಗಡಿ ಮರಿ ಮಾಡುವ ಹ್ಯಾಚರಿಗಳಲ್ಲಿ ವಿಬ್ರಿಯೊ ಹಾರ್ವೆಯಿ ಅನ್ನುವ ಬ್ಯಾಕ್ಟೀರಿಯಾ ಬಂದು ಮರಿಗಳು ಕತ್ತಲಲ್ಲಿ ಮಿನುಗುತ್ತಾ ರಾಶಿ ರಾಶಿ ಸಾಯುತ್ತವೆ. ಎಲ್ಲರೂ ಆ್ಯಂಟಿಬಯಾಟಿಕ್ ಸುರಿಯುತ್ತಿದ್ದರು. 2000ದ ದಶಕದ ಆರಂಭದಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಅಂಶ ಸಿಕ್ಕಿತು ಅಂತ ಯುರೋಪ್‌ನಲ್ಲಿ ನಮ್ಮ ಸಿಗಡಿ ಕನ್ಸೈನ್‌ಮೆಂಟ್‌ಗಳನ್ನು ತಡೆದದ್ದು ನೆನಪಿರಬಹುದು. ಅದೇ ಹೊತ್ತಿನಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಅವರ ತಂಡ ಆ ವಿಬ್ರಿಯೊ ಕೊಲ್ಲುವ ಫೇಜ್ ಬೇರ್ಪಡಿಸಿ ಹ್ಯಾಚರಿ ತೊಟ್ಟಿಯಲ್ಲೇ ಹಾಕಿ ನೋಡಿತು. 2006, 2007ರಲ್ಲಿ ಪ್ರಕಟವಾಗಿದೆ. ಆ್ಯಂಟಿಬಯಾಟಿಕ್ ಹಾಕಿದ ತೊಟ್ಟಿಗಿಂತ ಫೇಜ್ ಹಾಕಿದ ತೊಟ್ಟಿಯಲ್ಲಿ ಹೆಚ್ಚು ಮರಿ ಬದುಕಿದವು.

ಆದರೆ ಕುಮಾರ್ ಅವರೇ, ಅದು ನೀರಿನ ತೊಟ್ಟಿ. ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಇರುತ್ತವೆ, ಫೇಜ್ ತೇಲುತ್ತಾ ಹೋಗಿ ತಾಗುತ್ತದೆ, ಅಲ್ಲೇ ಹೆಚ್ಚುತ್ತದೆ. ನಿಮ್ಮ ಸಲಾಮಿ ಮೇಲೆ ಹಾಗೆ ಆಗುತ್ತದಾ?

ರಾಟರ್‌ಡ್ಯಾಮ್_ರಾಯರು
ಅಕ್ಕ, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಬ್ರೋಷರ್‌ನಲ್ಲಿ ಬರೆಯದ ಮುಖ್ಯ ವಿಷಯ ಇದೇ. "ಫೇಜ್ ತಾನಾಗಿ ಹೆಚ್ಚುತ್ತದೆ, ಸ್ವಲ್ಪ ಹಾಕಿದರೆ ಸಾಕು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಹಾರದ ಮೇಲೆ ಬ್ಯಾಕ್ಟೀರಿಯಾ ಬಹಳ ಕಡಿಮೆ, ಅಲ್ಲೊಂದು ಇಲ್ಲೊಂದು. ಫೇಜ್‌ಗೆ ಕಾಲಿಲ್ಲ, ಈಜಲು ಬರುವುದಿಲ್ಲ. ತೇವದಲ್ಲಿ ಅಲೆದಾಡುತ್ತಾ ಡಿಕ್ಕಿ ಹೊಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮರಿ ಹಾಕುವುದನ್ನು ನಂಬುವ ಹಾಗಿಲ್ಲ, ಮೊದಲ ಹೊಡೆತದಲ್ಲೇ ಎಲ್ಲಕ್ಕೂ ತಾಗಬೇಕು. ಅದಕ್ಕೇ ಒಂದು ಚದರ ಸೆಂಟಿಮೀಟರಿಗೆ ಕೋಟಿಯಿಂದ ನೂರು ಕೋಟಿ ಫೇಜ್‌ವರೆಗೆ ಹಾಕುವುದು. ದುಡ್ಡು ಹೋಗುವುದೂ ಅಲ್ಲೇ.

ಮೇಲ್ಮೈ ಒಣಗಿದ್ದರೆ ಕೆಲಸ ಕಡಿಮೆ. ಸಾಸೇಜ್‌ನ ಸುಕ್ಕಿನಲ್ಲಿ, ಸ್ಲೈಸ್ ಸ್ಲೈಸ್ ಮಧ್ಯೆ ಸ್ಪ್ರೇ ತಲುಪದಿದ್ದರೆ ಅಲ್ಲಿ ಏನೂ ಇಲ್ಲ. ನಾವು ಪ್ಯಾಕಿಂಗ್ ಬೆಲ್ಟ್‌ನಲ್ಲಿ ಮೇಲೆ ಕೆಳಗೆ ಎರಡೂ ಕಡೆ ನಾಜಲ್ ಇಟ್ಟು, ನೀರಿಗೆ ಬಣ್ಣ ಬೆರೆಸಿ ಟ್ರಯಲ್ ಮಾಡಿದೆವು, ಎಲ್ಲಿ ತಾಗುತ್ತಿದೆ ಅಂತ ಕಣ್ಣಿಗೆ ಕಾಣಲಿ ಅಂತ. ಮೊದಲ ಟ್ರಯಲ್‌ನಲ್ಲಿ ಅರ್ಧ ಜಾಗ ಬಿಳಿ. ನೀವೂ ಈ ಬಣ್ಣದ ಪರೀಕ್ಷೆ ಮಾಡಿ, ಖರ್ಚಿಲ್ಲ.

ಲ್ಯಾಬ್_ಲಲಿತೆ
ಪದಾರ್ಥ ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 2001ರಲ್ಲಿ ಅಮೆರಿಕದ ಒಂದು ತಂಡ ಹೆಚ್ಚಿದ ಹನಿಡ್ಯೂ ಕರಬೂಜ ಮತ್ತು ಸೇಬಿನ ಮೇಲೆ ಸಾಲ್ಮೊನೆಲ್ಲಾ ಹಾಕಿ ಫೇಜ್ ಹೊಡೆದು ನೋಡಿತು. ತಣ್ಣಗಿಟ್ಟ ಕರಬೂಜದಲ್ಲಿ 3.5 ಲಾಗ್ ಇಳಿಯಿತು. ಸೇಬಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸೇಬಿನ ಹುಳಿಗೆ ಫೇಜ್ ಸತ್ತುಹೋಯಿತು. ಅದೇ ಫೇಜ್, ಅದೇ ಬ್ಯಾಕ್ಟೀರಿಯಾ, ಹಣ್ಣು ಮಾತ್ರ ಬೇರೆ. ಹಾಗಾಗಿ ಬೇರೆಯವರ ಪ್ರಾಡಕ್ಟ್‌ನ ರಿಪೋರ್ಟ್ ತೋರಿಸಿದರೆ ಸಾಲದು. ನಿಮ್ಮ ಸಲಾಮಿಯ ಉಪ್ಪು, ಪಿಎಚ್, ನಿಮ್ಮ ಪ್ಯಾಕಿಂಗ್‌ನಲ್ಲೇ ಆದ ಪರೀಕ್ಷೆ ಬೇಕು.

ಜೈನಬೀದಿ_ಹುಡುಗ
ಸುಮ್ನೆ ಕುತೂಹಲ. ತರಕಾರಿ, ಮೊಳಕೆ ಕಾಳಿನ ಮೇಲೆ ಹೊಡೆದರೆ ಅದು ಸಸ್ಯಾಹಾರವೇನಾ? ವೈರಸ್ ಜೀವಿಯಾ ಅಲ್ವಾ?

ಡೈರಿ_ಭಟ್ರು
ಮೊಸರು ತಿನ್ನುತ್ತೀಯಾ? ತಿನ್ನುವುದಾದರೆ ಈ ಪ್ರಶ್ನೆ ಬಿಡು ಮಗು.

ರಾಟರ್‌ಡ್ಯಾಮ್_ರಾಯರು
ಪ್ರಶ್ನೆ ತಮಾಷೆಯದಲ್ಲ, ನಮ್ಮಲ್ಲೂ ಗಿರಾಕಿಗಳು ಕೇಳುತ್ತಿದ್ದರು. ಫೇಜ್ ಬೆಳೆಸುವುದು ಬ್ಯಾಕ್ಟೀರಿಯಾದ ಮೇಲೆ, ಆ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮದಲ್ಲಿ ಪ್ರಾಣಿಮೂಲದ್ದು ಏನಾದರೂ ಇದೆಯಾ ಅನ್ನುವುದೇ ಕೇಳಬೇಕಾದ್ದು. ಲಿಸ್ಟ್‌ಶೀಲ್ಡ್, ಲಿಸ್ಟೆಕ್ಸ್ ಎರಡಕ್ಕೂ ಕೋಷರ್ (ಯಹೂದಿ ಆಹಾರ ನಿಯಮದ), ಹಲಾಲ್ ಪ್ರಮಾಣಪತ್ರ ಇದೆ, ಅಮೆರಿಕದ ಸಾವಯವ ಪಟ್ಟಿಯಲ್ಲೂ ಇವೆ.

ಕೋಲ್ಡ್‌ರೂಂ_ಕುಮಾರ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಮ್ಯಾನೇಜರ್‌ಗೆ ಕೆಲವನ್ನು ಓದಿ ಹೇಳಿದೆ. ಅವರ ಉತ್ತರ: "ಯುರೋಪ್‌ನಲ್ಲೂ ಅನುಮತಿ ಇರುತ್ತದಲ್ಲ, ನಾಳೆ ಎಕ್ಸ್‌ಪೋರ್ಟ್ ಮಾಡಿದರೆ ಅನುಕೂಲ." ಹೌದಾ ರಾಯರೇ?

ರಾಟರ್‌ಡ್ಯಾಮ್_ರಾಯರು
ಇಲ್ಲ ಕುಮಾರ್, ಇಲ್ಲೇ ತಮಾಷೆ ಇರುವುದು. ಲಿಸ್ಟೆಕ್ಸ್ ಮಾಡಿದ ಕಂಪನಿ ಇದೇ ನೆದರ್ಲೆಂಡ್ಸ್‌ನದ್ದು, ವಾಗೆನಿಂಗನ್‌ನಲ್ಲಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇಎಫ್‌ಎಸ್‌ಎ 2016ರಲ್ಲಿ ಪಿ100 ಬಗ್ಗೆ ಅಭಿಪ್ರಾಯವನ್ನೂ ಕೊಟ್ಟಿತು, ಮಾಂಸ, ಮೀನು, ಹಾಲಿನ ರೆಡಿ-ಟು-ಈಟ್ ಪದಾರ್ಥಗಳ ಬಗ್ಗೆ. ಆದರೆ ಇಲ್ಲಿನ ಕಾನೂನು ಬೇರೆ ಥರ. ಪ್ರಾಣಿಮೂಲದ ಆಹಾರದ ಮೇಲ್ಮೈಯಿಂದ ಕಲ್ಮಶ ತೆಗೆಯಲು ಕುಡಿಯುವ ನೀರು ಬಿಟ್ಟು ಬೇರೆ ಏನು ಬಳಸಬೇಕಾದರೂ ಅದಕ್ಕೇ ಅಂತ ಅನುಮತಿ ಬೇಕು. ಗೋಮಾಂಸದ ಮೇಲೆ ಲ್ಯಾಕ್ಟಿಕ್ ಆ್ಯಸಿಡ್‌ಗೆ 2013ರಲ್ಲಿ ಸಿಕ್ಕಿತು. ಇಎಫ್‌ಎಸ್‌ಎ ಅಭಿಪ್ರಾಯ ಅಂದರೆ ಅನುಮತಿ ಅಲ್ಲ. ಸೇಲ್ಸ್‌ನವರು ಇವೆರಡನ್ನೂ ಒಂದೇ ಮಾಡಿ ಹೇಳುತ್ತಾರೆ, ಎಚ್ಚರ. ಇನ್ನೊಂದು ಕಡೆ, ಆಸ್ಟ್ರೇಲಿಯಾ-ನ್ಯೂಜಿಲೆಂಡ್ 2012ರಲ್ಲೇ ಪಿ100ಗೆ ಸಂಸ್ಕರಣಾ ಸಹಾಯಕ (ತಯಾರಿಸುವ ಹಂತದ ಕೆಲಸಕ್ಕೆ ಮಾತ್ರ ಬಳಸುವ ಪದಾರ್ಥ) ಅಂತ ಒಪ್ಪಿಗೆ ಕೊಟ್ಟಿವೆ. ದೇಶಕ್ಕೊಂದು ಲೆಕ್ಕ.

ಇವರ ಹಿಂಜರಿಕೆಯನ್ನು ನಾನು ಪೂರ್ತಿ ಬೈಯುವುದಿಲ್ಲ. ಕೊನೆಯಲ್ಲಿ ಏನಾದರೂ ಹೊಡೆದು ಸರಿ ಮಾಡೋಣ ಅಂತ ಶುರುವಾದರೆ ಮೊದಲಿನ ಹಂತದ ಶುಚಿತ್ವ ಸಡಿಲವಾಗುತ್ತದೆ ಅನ್ನುವುದು ಇವರ ಹಳೆಯ ವಾದ. ನಿಮ್ಮ ಮ್ಯಾನೇಜರ್ ಅದಕ್ಕೆ ಜೀವಂತ ಉದಾಹರಣೆ 😀

ಲ್ಯಾಬ್_ಲಲಿತೆ
ಭಾರತದಲ್ಲಿ ಮಾರುವುದಕ್ಕೂ ಕಾಗದ ನೋಡಿ ಸರ್. ಪಟ್ಟಿಯಲ್ಲಿಲ್ಲದ ಹೊಸ ಸೇರ್ಪಡೆ, ಹೊಸ ಸಂಸ್ಕರಣಾ ಸಹಾಯಕ ಯಾವುದೇ ಆದರೂ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2017ರ ನಿಯಮದ ಪ್ರಕಾರ ಮೊದಲು ಒಪ್ಪಿಗೆ ಪಡೆಯಬೇಕು. ಸೇಲ್ಸ್‌ನವರ ಬಾಯಿಮಾತು ಬೇಡ, ಆ ಪ್ರಾಡಕ್ಟ್‌ನ ಹೆಸರಿರುವ ಒಪ್ಪಿಗೆ ಪತ್ರದ ಪ್ರತಿ ಕೇಳಿ. ಪತ್ರ ಇಲ್ಲ ಅಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಬಂದರು_ಬಳಿಯವಳು
ಮ್ಯಾನೇಜರ್‌ಗೆ ದಕ್ಷಿಣ ಆಫ್ರಿಕಾದ ಕತೆ ಹೇಳಿ. 2017-18ರಲ್ಲಿ ಪೊಲೊನಿ ಅನ್ನುವ, ನಿಮ್ಮ ಸಲಾಮಿ ಥರದ್ದೇ ತಣ್ಣಗೆ ತಿನ್ನುವ ಮಾಂಸದಿಂದ ಲಿಸ್ಟೀರಿಯಾ ಹರಡಿ 1,060 ಜನರಿಗೆ ತಗುಲಿತು, 216 ಜನ ಸತ್ತರು. ತುಂಬಾ ಮಂದಿ ಹಸುಗೂಸುಗಳು. ಬಸುರಿಗೆ ಸ್ವಲ್ಪ ಜ್ವರ ಬಂದು ಹೋಗುತ್ತದೆ, ಪೆಟ್ಟು ಬೀಳುವುದು ಹೊಟ್ಟೆಯ ಮಗುವಿಗೆ. ಫ್ಯಾಕ್ಟರಿ ಮುಚ್ಚಿತು.

ರಾಟರ್‌ಡ್ಯಾಮ್_ರಾಯರು
ಕೆನಡಾದ್ದೂ ಸೇರಿಸಿ. 2008ರಲ್ಲಿ ಡೆಲಿ ಮೀಟ್‌ನಿಂದ 20ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಕೊನೆಗೆ ಹೋಗಿ ನಿಂತದ್ದು ಸ್ಲೈಸರ್‌ಗಳ ಒಳಭಾಗದಲ್ಲಿ, ದಿನಾ ತೊಳೆಯುವಾಗ ಕೈ ಹೋಗದ ಜಾಗದಲ್ಲಿ. ಕುಮಾರ್, ನಿಮ್ಮ ಡ್ರೈನ್ ಮತ್ತೆ ಮತ್ತೆ ಪಾಸಿಟಿವ್ ಬರುತ್ತಿದೆ ಅಂದಿರಿ. ಡ್ರೈನ್‌ಗೆ ಅದು ಎಲ್ಲಿಂದ ಇಳಿಯುತ್ತಿದೆ ಅಂತ ನೋಡಿದಿರಾ? ಮೇಲೆ ಸ್ಲೈಸರ್ ಇದೆ. ಅದನ್ನು ಪೂರ್ತಿ ಬಿಚ್ಚಿ, ಬೋಲ್ಟ್, ಸೀಲ್, ಮೋಟರ್ ಕವರ್ ಹಿಂದೆ ಸ್ವಾಬ್ ತೆಗೆಯಿರಿ. ಡ್ರೈನ್‌ಗೆ ಹೈ ಪ್ರೆಷರ್ ನೀರು ಹೊಡೆಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಹನಿ ಹಾರಿ ವಾಪಸ್ ಬೆಲ್ಟ್ ಮೇಲೆ ಕೂರುತ್ತದೆ.

ಕಾಸರಗೋಡು_ಕನ್ನಡಿಗ
ಸಣ್ಣ ಪ್ರಶ್ನೆ. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ 2022ರಲ್ಲಿ ಶವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳಲ್ಲ, ಶಿಗೆಲ್ಲಾ ಅಂದರು. ಅಂಥ ಅಂಗಡಿಯವರಿಗೆ ಈ ಸ್ಪ್ರೇ ಕೊಟ್ಟರೆ ಆಗದಾ?

ಲ್ಯಾಬ್_ಲಲಿತೆ
ಆಗುವುದಿಲ್ಲ ಅಣ್ಣ. ಶಿಗೆಲ್ಲಾ ಬರುವುದು ಮುಖ್ಯವಾಗಿ ಮಲದಿಂದ, ಕೈಯಿಂದ, ನೀರಿನಿಂದ. ಅಲ್ಲಿ ಬೇಕಾದ್ದು ಸೋಪು, ಒಳ್ಳೆ ನೀರು, ಪೂರ್ತಿ ಬೆಂದ ಮಾಂಸ, ಕಾಯಿಲೆ ಇರುವವರಿಗೆ ರಜೆ. ಫೇಜ್ ಬಾಟಲಿಯನ್ನು ತಂಪಿನಲ್ಲಿ ಇಡಬೇಕು, ಸರಿಯಾದ ಡೋಸ್ ಹಾಕಬೇಕು, ಆಗಾಗ ಎಣಿಸಿ ನೋಡಬೇಕು. ರಸ್ತೆ ಬದಿ ಅಂಗಡಿಯಲ್ಲಿ ಇದು ನಡೆಯುವ ಮಾತಲ್ಲ. ಶಿಗೆಲ್ಲಾಗೆ ಹೊಡೆದದ್ದು ಸಾಲ್ಮೊನೆಲ್ಲಾಗೆ ತಾಗುವುದೂ ಇಲ್ಲ.

ಕೋಲ್ಡ್‌ರೂಂ_ಕುಮಾರ
ಅಪ್‌ಡೇಟ್. ಸ್ಲೈಸರ್ ಬಿಚ್ಚಿಸಿದೆ. ಬ್ಲೇಡ್ ಗಾರ್ಡ್ ಹಿಂದಿನ ರಬ್ಬರ್ ಸೀಲ್ ಬಿರುಕು ಬಿಟ್ಟಿತ್ತು, ಅದರೊಳಗೆ ಮಾಂಸದ ಚೂರು. ಸ್ವಾಬ್ ಪಾಸಿಟಿವ್. ಮ್ಯಾನೇಜರ್ ಮುಖ ನೋಡಬೇಕಿತ್ತು. ಸೀಲ್ ಬದಲಾಯಿಸಿದ್ದೇವೆ, ಹೈ ಪ್ರೆಷರ್ ಪೈಪು ತೆಗೆಸಿದ್ದೇನೆ, ವಾರಕ್ಕೊಮ್ಮೆ ಪೂರ್ತಿ ಬಿಚ್ಚಿ ತೊಳೆಯುವುದು ಅಂತ ಬರೆದು ಹಾಕಿದ್ದೇವೆ. ಫೇಜ್ ಸದ್ಯಕ್ಕೆ ಮುಂದೂಡಿದ್ದಾಗಿದೆ. ಸೇಲ್ಸ್‌ನವರಿಗೆ ಒಪ್ಪಿಗೆ ಪತ್ರ ಮತ್ತು ಜೀನೋಮ್ ಬಗ್ಗೆ ಕೇಳಿ ಮೇಲ್ ಹಾಕಿದ್ದೇನೆ, "ಕೇಳಿ ಹೇಳುತ್ತೇನೆ" ಅಂದರು.

ಸ್ವಾಬ್‌ಗಳು ಸತತವಾಗಿ ಕ್ಲೀನ್ ಬಂದು, ಕಾಗದವೂ ಸರಿಯಿದ್ದರೆ ಆಗ ಟ್ರಯಲ್ ಮಾಡುವ ಆಸೆ ಇದೆ. ಆಗ ಏನಾದರೂ ವಿಶೇಷವಾಗಿ ನೋಡಬೇಕಾದ್ದು ಇದೆಯಾ?

ಲ್ಯಾಬ್_ಲಲಿತೆ
ಒಂದಿದೆ, ಇಲ್ಲಿಯವರೆಗೆ ಯಾರೂ ಹೇಳಿಲ್ಲ. ನಿಮ್ಮ ಟೆಸ್ಟ್ ರಿಪೋರ್ಟ್ ಸುಳ್ಳು ನೆಗೆಟಿವ್ ಬರಬಹುದು. ಫೇಜ್ ಹೊಡೆದ ಸಲಾಮಿಯ 25 ಗ್ರಾಂ ತೆಗೆದು ಎನ್‌ರಿಚ್‌ಮೆಂಟ್ ಬ್ರಾತ್‌ಗೆ (ಇರುವ ಕೆಲವೇ ಬ್ಯಾಕ್ಟೀರಿಯಾವನ್ನು ಬೆಳೆಸಿ ಪತ್ತೆಗೆ ಸಿಗುವಂತೆ ಮಾಡುವ ದ್ರವ) ಹಾಕುತ್ತೀರಿ. ಅದರ ಜೊತೆ ಕೋಟಿಗಟ್ಟಲೆ ಫೇಜೂ ಹೋಗುತ್ತವೆ. ಸಲಾಮಿ ಮೇಲೆ ತಪ್ಪಿಸಿಕೊಂಡ ಲಿಸ್ಟೀರಿಯಾ ಬ್ರಾತ್‌ನಲ್ಲಿ ಬೆಳೆಯಲು ಶುರು ಮಾಡಿದಾಗ ಈಗ ದ್ರವದಲ್ಲಿ ಆರಾಮಾಗಿ ಓಡಾಡುವ ಫೇಜ್ ಅದನ್ನು ಹಿಡಿಯುತ್ತದೆ. ಪ್ಲೇಟ್ ಕ್ಲೀನ್, ಪ್ಯಾಕೆಟ್‌ನಲ್ಲಿ ಬ್ಯಾಕ್ಟೀರಿಯಾ ಜೀವಂತ.

ಕೋಲ್ಡ್‌ರೂಂ_ಕುಮಾರ
ಅಯ್ಯೋ, ಇದು ಹೊಳೆದೇ ಇರಲಿಲ್ಲ. ಹಾಗಾದ್ರೆ ಗೊತ್ತು ಮಾಡಿಕೊಳ್ಳುವುದು ಹೇಗೆ?

ಲ್ಯಾಬ್_ಲಲಿತೆ
ಫೇಜ್ ಹೊಡೆದ ಮತ್ತು ಹೊಡೆಯದ ಸ್ಯಾಂಪಲ್ ಎರಡನ್ನೂ ಬ್ರಾತ್‌ಗೆ ಹಾಕಿ, ಆಮೇಲೆ ಎರಡಕ್ಕೂ ಬೇಕಂತಲೇ ಎಣಿಸಿದ ಕೆಲವೇ ಲಿಸ್ಟೀರಿಯಾ ಸೇರಿಸಿ ನೋಡಬೇಕು. ಹೊಡೆಯದ್ದರಲ್ಲಿ ಪಾಸಿಟಿವ್ ಬಂದು ಹೊಡೆದದ್ದರಲ್ಲಿ ನೆಗೆಟಿವ್ ಬಂದರೆ ನಿಮ್ಮ ವಿಧಾನ ಆ ಪ್ರಾಡಕ್ಟ್‌ಗೆ ನಡೆಯುವುದಿಲ್ಲ. ಬ್ರಾತ್ ಜಾಸ್ತಿ ಹಾಕಿ ತೆಳು ಮಾಡಿ ನೋಡಬಹುದು. ಸಪ್ಲೈಯರ್ ಹತ್ತಿರ ಇದರ ಡೇಟಾ ಇರಲೇಬೇಕು, ಕೇಳಿ.

ರಾಟರ್‌ಡ್ಯಾಮ್_ರಾಯರು
ಮತ್ತೆ ಈ ಪರೀಕ್ಷೆ ಹೊರಗಿನ ಲ್ಯಾಬ್‌ನಲ್ಲೇ ಮಾಡಿಸಿ ಕುಮಾರ್. ಲಿಸ್ಟೀರಿಯಾ ಕಲ್ಚರ್ ಟ್ಯೂಬ್ ನಿಮ್ಮ ಫ್ಯಾಕ್ಟರಿ ಗೇಟಿನೊಳಗೆ ಬರಬಾರದು, ಮ್ಯಾನೇಜರ್ ಖರ್ಚು ಜಾಸ್ತಿ ಅಂದರೂ.